ದಿನಕ್ಕೊಂದು ಲೋಟ ಕುಡಿಯುವ ಇಂಜಿನ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಷೆಡ್ಡಿನ ನಟ್ಟನಡುವೆ, ಎರಡು ಮಡ್‌ಗಾರ್ಡುಗಳ ಮಧ್ಯೆ, ಸರ್ವಾಂಗಕ್ಕೂ ಎಣ್ಣೆ ಬಳಿದುಕೊಂಡು ವಿರಾಜಮಾನರಾಗಿರುವ, ನಾಲ್ಕು ಸಿಲಿಂಡರುಗಳ ಒಡೆಯರೂ, ವಯಸ್ಸಿನಲ್ಲಿ ತಾವು ಕುಳಿತಿರುವ ಕಾರಿಗಿಂತ ಬಹಳ ಹಿರಿಯರೂ, ಕುಡಿಯುವುದರಲ್ಲಿ ನಮ್ಮ ಬೀದಿಯ ಸಮಸ್ತರಿಗಿಂತ ನಿಯಮಿತರೂ ಆದ ತಮಗೆ, ಕೆಳಗೆ ಸಹಿ ಮಾಡಿರುವ ಸಾಮಾನ್ಯನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ತಾವು ಬರಿಯ ಉಪಚಾರದ ಮಾತೆಂದು ತಿಳಿಯಬಾರದು. ಕಳೆದ ಐದು ತಿಂಗಳಲ್ಲಿ ನಾನು ತಮ್ಮ ಕೆಳಗೆ ರಟ್ಟು ಹಾಸಿಕೊಂಡು ಮಲಗಿದ ಹೊತ್ತನ್ನೆಲ್ಲ ಕೂಡಿಸಿದರೆ ಹನ್ನೆರಡು ದಿನಗಳಾಗುತ್ತವೆ ಎಂದು ನನ್ನ ಹೆಂಡತಿ ಲೆಕ್ಕ ಹಾಕಿ ಹೇಳಿದ್ದಾಳೆ. ಹೊಟ್ಟೆಯ ಮೇಲೆ ಮಲಗುವ ಬದಲು ಬೆನ್ನಿನ ಮೇಲೆ ಮಲಗಿದ್ದೆ ಎಂಬುದಷ್ಟೇ ವ್ಯತ್ಯಾಸ.

ನಾನು ಯಾರೆಂಬುದು ತಮಗೆ ಚೆನ್ನಾಗಿ ಗೊತ್ತು. ಆದರೆ ಈ ಪತ್ರ ಪ್ರಕಟವಾಗುತ್ತಿರುವ ನಮ್ಮ ಹಳೆಯ ವಾಹನಗಳ ಸಂಘದ ಮಾಸಪತ್ರಿಕೆಯನ್ನು ಹೊಸದಾಗಿ ಓದುವವರೂ ಇರಬಹುದಾದ್ದರಿಂದ ಎರಡು ಮಾತು ಹೇಳುತ್ತೇನೆ. ನಾನು ಮೂವತ್ತೊಂದು ವರ್ಷ ನಗರದ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಪತ್ತೆ ಮಾಡುವ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ರಸ್ತೆಯ ಮೇಲೆ ಕಬ್ಬಿಣದ ಕೋಲನ್ನು ಊರಿ, ಅದರ ಮೇಲ್ತುದಿಗೆ ಕಿವಿಯಿಟ್ಟು, ಆಳುದ್ದ ಕೆಳಗೆ ಕೊಳವೆ ಎಲ್ಲಿ ಬಿರುಕು ಬಿಟ್ಟಿದೆಯೆಂದು ಹೇಳುವುದು ನನ್ನ ಕೆಲಸವಾಗಿತ್ತು. ನಾನು ಸುಣ್ಣದಿಂದ ಗುರುತು ಹಾಕಿದ ಕಡೆ ಅಗೆದಾಗ ಒಣಮಣ್ಣು ಸಿಕ್ಕಿದ್ದು ಇಡೀ ನೌಕರಿಯಲ್ಲಿ ಎರಡೇ ಸಲ, ಎರಡು ಸಲವೂ ತಪ್ಪು ನಕ್ಷೆಯದು. ಇಂಥ ನನ್ನ ಕಣ್ಣೆದುರಿಗೇ, ಮೊಳ ಎರಡು ಮೊಳ ಉದ್ದದ ತಾವು, ದಿನಕ್ಕೊಂದು ಲೋಟದಂತೆ ಹಸಿರು ಕೂಲಂಟನ್ನು, ಅಂದರೆ ತಮ್ಮನ್ನು ತಂಪಾಗಿಡುವ ನೀರನ್ನು, ಎಲ್ಲಿಗೋ ಮಾಯ ಮಾಡುತ್ತ, ಒಂದು ಹನಿಯ ಸುಳಿವನ್ನೂ ಬಿಟ್ಟುಕೊಡದೆ, ಐದು ತಿಂಗಳು ನನ್ನನ್ನು ಆಟ ಆಡಿಸಿದ್ದೀರಿ. ತಮ್ಮ ಕೌಶಲಕ್ಕೆ ತಲೆಬಾಗುತ್ತ ದೂರನ್ನು ಆರಂಭಿಸುತ್ತೇನೆ.

ತಾವು ಮೊದಲು ಒಂದು ಬ್ರೆಡ್ ವ್ಯಾನಿನಲ್ಲಿದ್ದಿರಿ. ಆ ವ್ಯಾನು ತುಕ್ಕು ಹಿಡಿದು ಉದುರಿಹೋದ ಮೇಲೆ ಗುಜರಿಯ ಮೂಲೆಯಲ್ಲಿ ಹನ್ನೆರಡು ವರ್ಷ ವಿಶ್ರಾಂತಿ ಪಡೆದಿರಿ. ನಾವು ತಮ್ಮನ್ನು ಭೇಟಿಯಾದಾಗ ತಮ್ಮ ಏರ್‌ಫಿಲ್ಟರಿನಲ್ಲಿ ಒಂದು ಇಲಿ ಸಂಸಾರ ಹೂಡಿತ್ತು. ಅದೇ ಸುಮಾರಿಗೆ ಹನ್ನೊಂದು ಮರದ ಪೆಟ್ಟಿಗೆಗಳಲ್ಲಿ ನಮ್ಮ ಮನೆಗೆ ಒಂದು ಕಾರು ಬಂದಿಳಿಯಿತು, ಅಂದರೆ ಮನೆಯಲ್ಲೇ ಜೋಡಿಸಿಕೊಳ್ಳಬೇಕಾದ ಕಾರಿನ ಬಿಡಿಭಾಗಗಳು: ಟೊಳ್ಳು ಕೊಳವೆಗಳ ಚಾಸಿ, ಫೈಬರಿನ ಮೈ, ಎರಡು ಸೀಟು, ಒಂದು ಚೀಲ ಬೋಲ್ಟು, ಜೊತೆಗೆ ಅರವತ್ತು ಪುಟದ ಒಂದು ಕೈಪಿಡಿ. ಇಂಜಿನ್ ಮಾತ್ರ ನಾವೇ ಹುಡುಕಿಕೊಳ್ಳಬೇಕಿತ್ತು. ಹಾಗೆ ಇಲಿಗಳನ್ನು ಬೇರೆ ಕಡೆ ಕಳಿಸಿ ತಮ್ಮನ್ನು ಬರಮಾಡಿಕೊಂಡೆವು. ಪೆಟ್ಟಿಗೆಯ ಮೇಲೆ ಮೂರು ತಿಂಗಳ ಕೆಲಸವೆಂದು ಬರೆದಿತ್ತು, ನಮಗೆ ಒಂಬತ್ತು ವರ್ಷ ಹಿಡಿಯಿತು.

ನಾವು ಎಂದರೆ ನಾನು ಮತ್ತು ನನ್ನ ಅಣ್ಣ. ಅಣ್ಣ ಟೈಲರ್. ನನಗಿಂತ ಆರು ವರ್ಷ ದೊಡ್ಡವನು. ದೊಡ್ಡ ಬೀದಿಯ ತಿರುವಿನಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಔಷಧದಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವನು ಹೊರಗೆ ಕಾಯಬೇಕಾದಷ್ಟು ಜಾಗದಲ್ಲಿ ನಲವತ್ತು ವರ್ಷದಿಂದ ಹೊಲಿಯುತ್ತಿದ್ದಾನೆ. ಅವನಿಗೆ ಯಂತ್ರವೆಂದರೆ ಹೊಲಿಗೆ ಯಂತ್ರ ಒಂದೇ ಗೊತ್ತು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಬಂದು, ಕತ್ತಿನ ಟೇಪನ್ನು ಷೆಡ್ಡಿನ ಬಾಗಿಲ ಮೊಳೆಗೆ ನೇತುಹಾಕಿ, ತೋಳು ಮಡಚಿಕೊಂಡು ನಿಂತನೆಂದರೆ, ನನ್ನ ದಪ್ಪ ಬೆರಳು ಹೋಗದ ಸಂದಿಯಲ್ಲೆಲ್ಲ ಅವನ ಬೆರಳು ಹೋಗುತ್ತಿತ್ತು. ಸೀಟು ಹೊಲಿದವನು ಅವನು, ವೈರುಗಳನ್ನು ಬಣ್ಣವಾರು ಕಟ್ಟಿದವನು ಅವನು, ತಮ್ಮಿಂದ ರೇಡಿಯೇಟರಿಗೂ ರೇಡಿಯೇಟರಿನಿಂದ ತಮಗೂ ಹೋಗುವ ರಬ್ಬರ್ ಹೋಸುಗಳಿಗೆಲ್ಲ ಕ್ಲಿಪ್ಪು ಬಿಗಿದವನೂ ಅವನೇ. ಕಾರು ಮುಗಿದ ದಿನ ಕಡಲತೀರದ ದೀಪಸ್ತಂಭದವರೆಗೆ ಹೋಗಿ ಬರಬೇಕು, ಹೋಗುವಾಗ ಅಣ್ಣ ಓಡಿಸಬೇಕು, ಬರುವಾಗ ನಾನು ಓಡಿಸಬೇಕು ಎಂದು ಮೊದಲನೆಯ ಪೆಟ್ಟಿಗೆ ಒಡೆದ ದಿನವೇ ಮಾತಾಗಿತ್ತು. ಒಂಬತ್ತು ವರ್ಷ ನಾವು ಬೇರೆ ಏನೇನಕ್ಕೋ ಜಗಳವಾಡಿದೆವು, ಆ ಮಾತಿನ ಬಗ್ಗೆ ಮಾತ್ರ ಆಡಲಿಲ್ಲ.

ಐದು ತಿಂಗಳ ಹಿಂದೆ ತಾವು ಮೊದಲ ಸಲ ಕೆಮ್ಮಿ, ಉಗುಳಿ, ಕೊನೆಗೆ ಹಾಡಲು ಆರಂಭಿಸಿದಿರಿ. ದೂರದ ಪ್ರಯಾಣಕ್ಕೆ ಮೊದಲು ಒಂದು ಪರೀಕ್ಷೆ ಎಂದು ನಾನೇ ಊರ ಸುತ್ತ ಎಂಟು ಮೈಲಿ ಓಡಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ತಾವು ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ನೀರು ಒಂದು ಲೋಟದಷ್ಟು ಕಡಿಮೆ. ಮತ್ತೆ ತುಂಬಿಸಿ ಓಡಿಸಿದೆ, ಮತ್ತೆ ಒಂದು ಲೋಟ ಕಡಿಮೆ. ಮೂರನೆಯ ದಿನ, ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿಕೊಂಡು, ಬಗ್ಗಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳದೆ, ಕ್ಲಿಪ್ಪುಗಳು ಸಡಿಲವಾಗಿವೆ ಎಂದು ತೀರ್ಪು ಕೊಟ್ಟೆ. ಅಣ್ಣ ಒಂದೊಂದನ್ನೇ ಮುಟ್ಟಿ ನೋಡಿ, "ಬಿಗಿಯಾಗೇ ಇದೆಯಲ್ಲೋ" ಎಂದ. ಅದಕ್ಕೆ ನಾನು, ಹೆಂಡತಿಯೂ, ತಮ್ಮನ್ನು ನೋಡಲು ಕರೆಸಿದ್ದ ಮೆಕ್ಯಾನಿಕ್ಕೂ ಪಕ್ಕದಲ್ಲೇ ನಿಂತಿರುವಾಗ, "ನಲವತ್ತು ವರ್ಷ ಸಡಿಲ ಬಿಟ್ಟು ಹೊಲಿದ ಕೈ ಅದು, ಅದಕ್ಕೆ ಬಿಗಿ ಅಂದ್ರೆ ಏನು ಗೊತ್ತು" ಎಂದೆ.

ಅಣ್ಣ ಸ್ಕ್ರೂಡ್ರೈವರನ್ನು ಅದರ ಜಾಗದಲ್ಲಿಟ್ಟ, ಕೈ ಒರೆಸಿಕೊಂಡ, ಮೊಳೆಗೆ ನೇತುಹಾಕಿದ್ದ ಟೇಪನ್ನು ತೆಗೆದು ಕತ್ತಿಗೆ ಹಾಕಿಕೊಂಡು ಹೊರಟುಹೋದ. ಅಲ್ಲಿಂದ ಮುಂದೆ ಅವನು ನಮ್ಮ ಷೆಡ್ಡಿಗೆ ಬಂದಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಹೇಗೋ ಸರಿಹೋಗುತ್ತಿತ್ತೇನೋ. ನಾನು ಬಿಡುವವನಲ್ಲ. ಮುಂದಿನ ತಿಂಗಳ ಇದೇ ಪತ್ರಿಕೆಯಲ್ಲಿ "ಸಡಿಲ ಕೈಗಳಿಂದಾಗುವ ಅನಾಹುತಗಳು" ಎಂಬ ಎರಡು ಪುಟದ ಲೇಖನ ಬರೆದೆ. ಯಾರ ಹೆಸರನ್ನೂ ಎತ್ತಿರಲಿಲ್ಲ, "ಸೂಜಿದಾರದ ಕಸುಬಿನ ನಿಕಟ ಬಂಧುವೊಬ್ಬರು" ಎಂದಷ್ಟೇ ಬರೆದು ನನ್ನ ಸಭ್ಯತೆಗೆ ನಾನೇ ಮೆಚ್ಚಿಕೊಂಡಿದ್ದೆ. ನಮ್ಮ ಸಂಘದಲ್ಲಿ ನಲವತ್ತು ಸದಸ್ಯರಿದ್ದಾರೆ, ಅವರಲ್ಲಿ ಹದಿನೇಳು ಮಂದಿಯ ಪ್ಯಾಂಟು ಅಣ್ಣನೇ ಹೊಲಿದದ್ದು. ಒಬ್ಬರಾದ ಮೇಲೊಬ್ಬರು ಅಂಗಡಿಗೆ ಹೋಗಿ, ಅಳತೆ ಕೊಡುವ ನೆಪದಲ್ಲಿ, ಕಾರು ಹೇಗಿದೆಯೆಂದು ನಗುತ್ತ ವಿಚಾರಿಸಿ ಬಂದರು. ಆಮೇಲೆ ನಾನು ಫೋನು ಮಾಡಿದಾಗಲೆಲ್ಲ ಅತ್ತಿಗೆಯೇ ಎತ್ತಿಕೊಂಡು, "ನಿಮ್ಮಣ್ಣ ಮನೇಲಿಲ್ಲ ಅಂತ ಹೇಳು ಅಂತಿದಾರೆ, ಇಲ್ಲೇ ಪಕ್ಕದಲ್ಲಿ ಕೂತ್ಕೊಂಡು" ಎನ್ನುತ್ತಿದ್ದರು. ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಮಹಾಶಯರೇ, ಆಮೇಲೆ ತಮ್ಮ ಮೇಲೆ ನಡೆದ ತನಿಖೆಯನ್ನು ತಾವು ಎಷ್ಟು ಸಹನೆಯಿಂದ ಎದುರಿಸಿದಿರಿ ಎಂಬುದನ್ನು ನೆನೆದರೆ ನನಗೆ ಗೌರವ ಉಕ್ಕಿಬರುತ್ತದೆ. ಮೊದಲು ಅಣ್ಣ ಹಾಕಿದ್ದ ಹದಿನಾಲ್ಕು ಕ್ಲಿಪ್ಪುಗಳನ್ನೂ ಬಿಚ್ಚಿ ಹೊಸವನ್ನು ಹಾಕಿದೆ. ಬಿಚ್ಚಲು ಮೆಕ್ಯಾನಿಕ್ಕಿನ ಸಹಾಯ ಬೇಕಾಯಿತು, ಅಷ್ಟು ಬಿಗಿಯಾಗಿದ್ದವು. ಹದಿನಾಲ್ಕರ ಸ್ಕ್ರೂ ತಲೆಗಳೂ ಕೈಗೆ ಎಟುಕುವಂತೆ ಒಂದೇ ಕಡೆಗೆ ಮುಖ ಮಾಡಿದ್ದವು, ಅಂಗಿಯ ಗುಂಡಿಗಳ ಹಾಗೆ. ಅದನ್ನು ನಾನು ಕಂಡೆ, ಕಂಡೂ ಸುಮ್ಮನಿದ್ದೆ. ಹೊಸ ಕ್ಲಿಪ್ಪು ಹಾಕಿದ ಮರುದಿನವೂ ತಾವು ತಮ್ಮ ಲೋಟವನ್ನು ಸ್ವೀಕರಿಸಿದಿರಿ.

ಆಮೇಲೆ ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಬಳಲಿರಬಹುದೆಂದು ಹೊಸ ಮುಚ್ಚಳ ತಂದೆ. ವಾಟರ್ ಪಂಪು ಒಳಗೊಳಗೇ ಜಿನುಗುತ್ತಿರಬಹುದೆಂದು ಹೊಸ ಪಂಪು ತಂದೆ. ಹೀಟರ್ ಸೋರಿ ಕಾಲಡಿಯ ಹಾಸಿನೊಳಗೆ ಇಳಿಯುತ್ತಿರಬಹುದೆಂದು ಹಾಸನ್ನು ಕಿತ್ತು, ಒಣಗಿರುವುದನ್ನು ಕಂಡು, ಆದರೂ ನಂಬದೆ ಹೀಟರಿನ ಸಂಪರ್ಕವನ್ನೇ ಕಡಿದುಹಾಕಿದೆ, ಅಂದಿನಿಂದ ನನ್ನ ಹೆಂಡತಿ ಕಾರು ಹತ್ತುವಾಗ ಎರಡು ಸ್ವೆಟರ್ ಹಾಕಿಕೊಳ್ಳುತ್ತಾಳೆ. ಮೆಕ್ಯಾನಿಕ್ಕು ರೇಡಿಯೇಟರಿನ ಬಾಯಿಗೆ ಒಂದು ಕೈಪಂಪು ಸಿಕ್ಕಿಸಿ ಗಾಳಿಯ ಒತ್ತಡ ಕೊಟ್ಟು ನೋಡಿದ. ಸೋರಿಕೆಯಿದ್ದರೆ ಮುಳ್ಳು ಕೆಳಗಿಳಿಯಬೇಕು. ಇಪ್ಪತ್ತು ನಿಮಿಷವಾದರೂ ಮುಳ್ಳು ಕದಲಲಿಲ್ಲ. ಸಂತೋಷಪಡಬೇಕಾದವನು ನಾನು, ಬೇಸರಪಟ್ಟೆ. ಅಷ್ಟು ಹೊತ್ತಿಗೆ ನನಗೆ ಬೇಕಾಗಿದ್ದುದು ರಿಪೇರಿಯಲ್ಲ, ಅಪರಾಧಿ.

ತಾವು ಕೂಲಂಟನ್ನು ಸಿಲಿಂಡರಿನೊಳಗೇ ಎಳೆದುಕೊಂಡು ಸುಟ್ಟುಹಾಕುತ್ತಿರಬಹುದು ಎಂಬ ಅನುಮಾನ ಮುಂದಿನದು. ಪ್ಲಗ್ಗು ತೆಗೆದು ನೋಡಿದರೆ ಒಣಗಿತ್ತು, ಎಣ್ಣೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಎಣ್ಣೆಯಾಗಿಯೇ ಇತ್ತು, ರೇಡಿಯೇಟರಿನ ಬಾಯಿಗೆ ಹಿಡಿದ, ಹೊಗೆಯ ಅಂಶ ತಾಗಿದರೆ ಹಳದಿಯಾಗಬೇಕಿದ್ದ ನೀಲಿ ದ್ರವ ಕೊನೆಯವರೆಗೂ ನೀಲಿಯಾಗಿಯೇ ಉಳಿಯಿತು. ಇಷ್ಟಾದರೂ ನಾನು ತಮ್ಮ ತಲೆಯನ್ನು ಬಿಚ್ಚಿಸಿ, ಅದರ ಕೆಳಗೆ ನೀರು ಸೋರದಂತೆ ಕೂರಿಸಿರುವ ತೆಳು ಗ್ಯಾಸ್ಕೆಟ್ ಬದಲಾಯಿಸಿದೆ. ಹಳೆಯ ಗ್ಯಾಸ್ಕೆಟ್ ಎಷ್ಟು ಚೆನ್ನಾಗಿತ್ತೆಂದರೆ ಮೆಕ್ಯಾನಿಕ್ಕು ಅದನ್ನು ಒರೆಸಿ ತನ್ನ ಗ್ಯಾರೇಜಿನ ಗೋಡೆಗೆ ನೇತುಹಾಕಿಕೊಂಡಿದ್ದಾನೆ. "ಸಾರ್, ಇದಕ್ಕೆ ರೋಗ ಇಲ್ಲ. ರೋಗ ಇಲ್ದೇ ಇರೋದಕ್ಕೆ ನಾನು ಏನು ಔಷಧಿ ಕೊಡ್ಲಿ" ಎಂದು ಅವನು ಕೈಮುಗಿದ ದಿನ, ನಾನು ಅಟ್ಟದಿಂದ ನನ್ನ ಹಳೆಯ ಕಬ್ಬಿಣದ ಕೋಲನ್ನು ಇಳಿಸಿ, ಒಂದು ತುದಿಯನ್ನು ತಮ್ಮ ಪಕ್ಕೆಗೂ ಇನ್ನೊಂದನ್ನು ನನ್ನ ಕಿವಿಗೂ ಇಟ್ಟು ಕುಳಿತೆ. ಪಿಸ್ಟನ್ನಿನ ಬಡಿತ ಕೇಳಿಸಿತು, ವಾಲ್ವುಗಳ ಟಕಟಕ ಕೇಳಿಸಿತು. ಸೋರುವ ನೀರಿಗೆ ಒಂದು ಸಣ್ಣ ಸಿಳ್ಳೆಯ ದನಿಯಿರುತ್ತದೆ, ಅದು ಮಾತ್ರ ಕೇಳಿಸಲಿಲ್ಲ.

ಪ್ರತಿ ಬೆಳಿಗ್ಗೆ ತಮ್ಮ ಕೆಳಗಿನ ರಟ್ಟನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ಒಂದು ಕಲೆಯಿಲ್ಲ. ಎಷ್ಟೋ ಅಧಿಕಾರಿಗಳ ಮೇಜಿನ ಮುಂದೆ ನಾನು ನಿಂತಿದ್ದೇನೆ, ಕೊಟ್ಟದ್ದನ್ನು ಒಳಗೆ ಹಾಕಿಕೊಂಡು ಇಷ್ಟು ಶುಭ್ರವಾಗಿ ಕುಳಿತವರನ್ನು ಕಂಡದ್ದು ಇದೇ ಮೊದಲು. ತಮಗೆ ಬಡ್ತಿ ಕೊಡುವ ಅಧಿಕಾರ ನನಗಿದ್ದಿದ್ದರೆ ಅಂದೇ ಕೊಟ್ಟುಬಿಡುತ್ತಿದ್ದೆ.

ಈ ಮಧ್ಯೆ ಒಂದು ಸಂಗತಿ ತಿಳಿಯಿತು. ಅತ್ತಿಗೆ ನನ್ನ ಹೆಂಡತಿಗೆ ಫೋನು ಮಾಡಿ ಹೇಳಿದ್ದು. ಅಣ್ಣನ ಕಣ್ಣು ಮಂದವಾಗುತ್ತಿದೆ. ಕಣ್ಣಿನ ಡಾಕ್ಟರು, ಸದ್ಯಕ್ಕೆ ಹಗಲು ಹೊತ್ತು ನೇರ ರಸ್ತೆಯಲ್ಲಿ ಓಡಿಸಬಹುದು, ಆದರೆ ಡ್ರೈವಿಂಗ್ ಲೈಸೆನ್ಸ್ ಮುಂದುವರಿಸುವ ಅರ್ಜಿಗೆ ತಾನು ಸಹಿ ಹಾಕುವುದಿಲ್ಲ ಎಂದು ಹೇಳಿಬಿಟ್ಟಿದ್ದಾರೆ. ಲೈಸೆನ್ಸಿನ ಅವಧಿ ಮುಗಿಯುವುದು ಈ ತಿಂಗಳ ಕೊನೆಯ ದಿನ. ಅಂದರೆ ಈ ಪತ್ರಿಕೆ ಸದಸ್ಯರ ಕೈಸೇರುವ ದಿನದಿಂದ ಲೆಕ್ಕ ಹಾಕಿದರೆ ಹದಿನೈದು ದಿನ. ಒಂಬತ್ತು ವರ್ಷ ಭಾನುವಾರಗಳನ್ನು ಕೊಟ್ಟು ಕಟ್ಟಿದ ಕಾರನ್ನು ನಮ್ಮಣ್ಣ ಇವತ್ತಿನವರೆಗೆ ಒಂದು ಸಲವೂ ಓಡಿಸಿಲ್ಲ.

ಇದನ್ನು ಕೇಳಿದ ಮೇಲೆ ನಾನು ಇನ್ನಷ್ಟು ಹಟದಿಂದ ಸೋರಿಕೆ ಹುಡುಕಿದೆ. ಸೋರಿಕೆ ಸಿಕ್ಕಿದರೆ ಅದನ್ನು ಹಿಡಿದುಕೊಂಡು ಅವನ ಅಂಗಡಿಗೆ ಹೋಗಬಹುದು, ಅದರ ಬಗ್ಗೆ ಮಾತು ತೆಗೆದು ಹಾಗೇ ಬೇರೆ ಮಾತಿಗೂ ಬರಬಹುದು ಎಂದು ನನ್ನ ಆಸೆ. ಸಿಗದೆ ಹೋದಾಗ ನನಗೆ ಭಯವಾಯಿತು, ಭಯವಾದಾಗಲೆಲ್ಲ ನಾನು ಮಾಡುವ ಹಾಗೆ ಸಿಟ್ಟು ಮಾಡಿಕೊಂಡೆ, ತಮ್ಮ ಮೇಲೂ ಅವನ ಮೇಲೂ.

ಹೋದ ತಿಂಗಳು ನನಗೆ ಜ್ವರ ಬಂತು. ಹತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ಸ್ಕೂಟರ್ ಅದೇ ವಾರ ಕೆಟ್ಟಿದ್ದರಿಂದ ಅವಳು ದಿನಾ ತಮ್ಮನ್ನು ಏರಿಕೊಂಡು ಹೋಗಿ ಬರುತ್ತಿದ್ದಳು. ಹೊರಡುವ ಮೊದಲು ಮರೆಯದೆ ಒಂದು ಲೋಟ ಕೂಲಂಟು ಹಾಕಬೇಕೆಂದು ನಾನು ಹೊದಿಕೆಯೊಳಗಿಂದ ಕೂಗಿ ಹೇಳುತ್ತಿದ್ದೆ, ಅವಳು ಹ್ಞೂಂಗುಡುತ್ತಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ ಕಂಬಳಿ ಹೊದ್ದುಕೊಂಡೇ ಷೆಡ್ಡಿಗೆ ಹೋಗಿ ಮುಚ್ಚಳ ತೆಗೆದು ನೋಡಿದೆ. ನೀರು ಅಂಚಿನಿಂದ ಎರಡು ಬೆರಳು ಕೆಳಗಿತ್ತು. ಎಂದಿನ ಹಾಗೆ ಒಂದು ಲೋಟ ಕಡಿಮೆ, ಅಷ್ಟೇ. "ನಾನು ಒಂದು ದಿನಾನೂ ಹಾಕ್ಲಿಲ್ಲ ರೀ" ಎಂದಳು ಹೆಂಡತಿ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಆ ಹಸಿರು ನೀರು ಸೀರೆ ಮೇಲೆ ಬಿದ್ರೆ ಹೋಗಲ್ಲ. ನೋಡಿದ್ರಾ, ನೀವು ಮಲಗಿದ್ದೇ ತಡ, ಅದಕ್ಕೆ ಹುಷಾರಾಯ್ತು."

ದಿನಕ್ಕೊಂದು ಲೋಟದಂತೆ ಹತ್ತು ಲೋಟ ಹೋಗಬೇಕಿತ್ತು, ಹೋದದ್ದು ಮೊದಲ ದಿನದ ಒಂದೇ ಲೋಟ. ನಾನು ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತೆ.

ಈಗ, ಮಾನ್ಯರೇ, ಇಲ್ಲಿಯವರೆಗೆ ಈ ಪತ್ರದಲ್ಲಿ ನಾನು ಬೇಕೆಂದೇ ಬಚ್ಚಿಟ್ಟಿದ್ದ ಎರಡು ವಿಷಯಗಳನ್ನು ಹೇಳಿಬಿಡಬೇಕು. ಕೈಪಿಡಿಯಲ್ಲಿ ರೇಡಿಯೇಟರನ್ನು "ತಕ್ಕ ಮಟ್ಟಕ್ಕೆ ತುಂಬಿಸುವುದು" ಎಂದಷ್ಟೇ ಬರೆದಿದೆ. ತಕ್ಕ ಮಟ್ಟ ಯಾವುದೆಂದು ಹೇಳಿಲ್ಲ. ಮೂವತ್ತೊಂದು ವರ್ಷ ಅರೆತುಂಬಿದ ಟ್ಯಾಂಕುಗಳಿಗಾಗಿ ಜನರಿಂದ ಬೈಸಿಕೊಂಡ ನನಗೆ ತಕ್ಕ ಮಟ್ಟವೆಂದರೆ ತುಳುಕುವ ಮಟ್ಟ. ನಾನು ಮೊದಲ ದಿನ ಅಂಚಿನವರೆಗೆ ತುಂಬಿಸುತ್ತಿದ್ದಾಗ ಅಣ್ಣ ಬಗ್ಗಿ ನೋಡಿ, "ಅಷ್ಟು ತುಂಬಿಸ್ಬೇಡ ಕಣೋ, ಬಿಸಿ ಆದ್ಮೇಲೆ ಅದಕ್ಕೂ ಮೈ ಬರುತ್ತೆ, ಎರಡು ಬೆರಳು ಜಾಗ ಬಿಡು" ಎಂದಿದ್ದ. ಊಟ ಮಾಡಿ ಎದ್ದವನ ಸೊಂಟ ಎಷ್ಟು ಹಿಗ್ಗುತ್ತದೆಂದು ನಲವತ್ತು ವರ್ಷ ಅಳೆದವನು ಅವನು. ನಾನು ನಕ್ಕು, "ಇದು ಪ್ಯಾಂಟಲ್ಲ, ರೇಡಿಯೇಟರ್" ಎಂದು ಇನ್ನಷ್ಟು ಸುರಿದಿದ್ದೆ. ನೀರು ಕಾದಾಗ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಮುಚ್ಚಳದ ಪಕ್ಕದ ಸಣ್ಣ ಕೊಳವೆಯಿಂದ ಹೆಚ್ಚಾದದ್ದು ಹೊರಗೆ ಹೋಗುತ್ತದೆ. ಇಷ್ಟು ವಿಷಯ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು.

ಎರಡನೆಯ ವಿಷಯ ಆ ಸಣ್ಣ ಕೊಳವೆಯದು. ಬಯಲಿನಲ್ಲಿ ಕೊನೆಯಾಗುವ ಕೊಳವೆಯನ್ನು ಕಂಡರೆ ನನಗೆ ಕಸಿವಿಸಿ, ಅದು ಕಸುಬಿನ ದೋಷ. ಆದ್ದರಿಂದ ನಾನೇ ನನ್ನ ಕೈಯಾರೆ ಅದರ ತುದಿಯನ್ನು ಚಾಸಿಯ ಟೊಳ್ಳು ಕೊಳವೆಯೊಳಗೆ ತೂರಿಸಿ, ಯಾರಿಗೂ ಕಾಣದ ಹಾಗೆ ಅಂದವಾಗಿ ಮುಚ್ಚಿಬಿಟ್ಟಿದ್ದೆ. ತಾವು ದಿನಾ ಪ್ರಾಮಾಣಿಕವಾಗಿ ಹಿಂದಿರುಗಿಸುತ್ತಿದ್ದ ಲೋಟವೆಲ್ಲ ಅಲ್ಲಿ ಇಳಿದು, ದಾರಿಯುದ್ದಕ್ಕೂ ಹಿಂದಿನ ಚಕ್ರದ ಬಳಿ ಚೆಲ್ಲಿ ಆರಿಹೋಗುತ್ತಿತ್ತು. ರಟ್ಟಿನ ಮೇಲೆ ಕಲೆ ಬೀಳುವುದಾದರೂ ಹೇಗೆ? ನೌಕರಿಯಲ್ಲಿದ್ದಾಗ ಹೊಸಬರಿಗೆ ನಾನು ಮೊದಲು ಹೇಳಿಕೊಡುತ್ತಿದ್ದ ಪಾಠವೇ, ಸೋರಿಕೆ ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಹೆಚ್ಚದೆ ಒಂದೇ ಅಳತೆಯಲ್ಲಿ ಹೋಗುವ ನೀರನ್ನು ಯಾರೋ ಬಳಸುತ್ತಿರುತ್ತಾರೆ ಎಂಬುದು. ಐದು ತಿಂಗಳು ಸರಿಯಾಗಿ ಒಂದೊಂದೇ ಲೋಟ ಹೋಗುತ್ತಿತ್ತು. ನನಗೆ ಆ ಪಾಠ ನೆನಪಾಗಲಿಲ್ಲ, ಏಕೆಂದರೆ ಅಪರಾಧಿ ಯಾರೆಂದು ನಾನು ಮೂರನೆಯ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆದ್ದರಿಂದ ತಮ್ಮ ಮೇಲಿನ ನನ್ನ ದೂರು ಈಗ ಬದಲಾಗಿದೆ. ತಾವು ನೀರು ಕುಡಿದಿರಿ ಎಂಬುದಲ್ಲ, ಕುಡಿಯಲಿಲ್ಲ ಎಂಬುದೇ ನನ್ನ ದೂರು. ಎಲ್ಲೋ ಒಂದು ಕಡೆ ಸ್ವಲ್ಪ ಸೋರಿದ್ದರೆ, ಒಂದು ಹೋಸು ಬಿರಿದಿದ್ದರೆ, ಕಡೆಗೆ ತಮ್ಮ ಮುಪ್ಪಿಗೆ ತಕ್ಕ ಹಾಗೆ ಒಂದು ಗ್ಯಾಸ್ಕೆಟ್ಟಾದರೂ ಹಾರಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ತಾವು ಕಾಯಿಲೆ ಬೀಳಬೇಕಾದ ವಯಸ್ಸಿನಲ್ಲಿ ಆರೋಗ್ಯವಾಗಿದ್ದು ಒಬ್ಬ ನಿವೃತ್ತ ಇನ್ಸ್‌ಪೆಕ್ಟರನ ಮಾನವನ್ನು ಹರಾಜು ಹಾಕಿದ್ದೀರಿ. ಬೇಡವಾದದ್ದನ್ನು ತಾವು ದಿನಾ ಹೊರಗೆ ಹಾಕಿದಿರಿ, ನಾನು ದಿನಾ ಮತ್ತೆ ತುರುಕಿದೆ, ತಾವು ಒಂದು ದಿನವಾದರೂ ಕೆರಳಿ ಕುದಿದು ನನ್ನ ಮುಖಕ್ಕೆ ಎರಚಬಾರದಿತ್ತೇ? ಆ ವಿಷಯದಲ್ಲಿ ತಾವೂ ನಮ್ಮಣ್ಣನ ಹಾಗೆಯೇ.

ಮೊನ್ನೆ ಅವನ ಅಂಗಡಿಯ ಕಡೆ ಹೋಗಿದ್ದೆ. ಔಷಧ ಕೊಳ್ಳುವ ನೆಪವಿತ್ತು. ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಅಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದ. ಸೂಜಿಯನ್ನು ದೀಪದ ಹತ್ತಿರ ಹಿಡಿದ, ದೂರ ಹಿಡಿದ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡ, ತಲೆ ಓರೆ ಮಾಡಿದ. ಆರು ಸಲ ತಪ್ಪಿತು. ಏಳನೆಯ ಸಲ ಸೂಜಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಸುಮ್ಮನೆ ಕೈಕಟ್ಟಿ ಕುಳಿತ. ನನಗೆ ಅಳು ಬಂತು. ನಾಲ್ಕು ಹೆಜ್ಜೆ ದಾಟಿದ್ದರೆ ಅವನ ಮೇಜು, ನಾನು ದಾಟಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ತಪ್ಪಾಯಿತು ಎಂದು ಹೇಳಿದ್ದನ್ನು ನಾನು ಕೇಳಿಲ್ಲ, ಜಗಳವಾದ ಮರುದಿನ ಊಟ ಆಯ್ತಾ ಎಂದು ಕೇಳುವುದೇ ನಮ್ಮಲ್ಲಿ ರಾಜಿ. ಆದರೆ ಐದು ತಿಂಗಳಾದ ಮೇಲೆ, ಅದೂ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಮೇಲೆ, ಊಟ ಆಯ್ತಾ ಎಂಬ ಮಾತು ಸಾಲುವುದಿಲ್ಲ ಎಂಬುದು ನನಗೂ ಗೊತ್ತು. ಅಣ್ಣನ ಎದುರು ನಿಂತು ಬಾಯಿ ಬಿಡಲಾರದವನು ಮನೆಗೆ ಬಂದು ತಮಗೆ ಪತ್ರ ಬರೆಯಲು ಕುಳಿತೆ.

ಹೀಗಾಗಿ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ತಾವು ಒಂದು ಬೆಳಿಗ್ಗೆ ಯಾರ ಕೈಯೂ ತಾಗದೆ ತಾವಾಗಿಯೇ ಚಾಲೂ ಆಗಿ, ಷೆಡ್ಡಿನ ಬಾಗಿಲನ್ನು ಸದ್ದಿಲ್ಲದೆ ತೆರೆದುಕೊಂಡು, ದೊಡ್ಡ ಬೀದಿಯ ತಿರುವಿನಲ್ಲಿ ಅವನ ಅಂಗಡಿಯ ಮುಂದೆ ನಿಂತು, ಹದಿನಾಲ್ಕು ಕ್ಲಿಪ್ಪುಗಳೂ ಬಿಗಿಯಾಗಿದ್ದವು, ಹೆಚ್ಚು ಸುರಿದವನು ಇವರ ತಮ್ಮ, ಕೊಳವೆಯನ್ನು ಬಚ್ಚಿಟ್ಟವನೂ ಇವರ ತಮ್ಮನೇ ಎಂದು ಹದಿನೇಳು ಮಂದಿ ಗಿರಾಕಿಗಳಿಗೂ ಕೇಳಿಸುವಂತೆ ಸಾಕ್ಷಿ ನುಡಿಯಬೇಕು. ಅಲ್ಲಿಂದ ಕಣ್ಣಿನ ಡಾಕ್ಟರ ಬಳಿಗೂ ಹೋಗಿ, ಈ ತಿಂಗಳಿಗೆ ಅರವತ್ತು ದಿನ ಮಾಡಿಸಿಕೊಂಡು ಬರಬೇಕು. ಅದು ಅವರ ಇಲಾಖೆಗೆ ಬರುವುದಿಲ್ಲವೆಂದರೆ ಯಾರ ಇಲಾಖೆಗೆ ಬರುತ್ತದೆಂದು ವಿಚಾರಿಸಬೇಕು. ದಾರಿಯಲ್ಲಿ, ಸಾಧ್ಯವಾದರೆ, ನನ್ನ ಹಳೆಯ ಲೇಖನವಿರುವ ಸಂಚಿಕೆಯ ನಲವತ್ತು ಪ್ರತಿಗಳನ್ನೂ ಮನೆಮನೆಯಿಂದ ಸಂಗ್ರಹಿಸಿ ತಮ್ಮ ಪೆಟ್ರೋಲಿನಲ್ಲಿ ನೆನೆಸಿ ಮುಂದಿನದನ್ನು ತಾವೇ ನೋಡಿಕೊಳ್ಳಬೇಕು. ಇವುಗಳಲ್ಲಿ ಯಾವುದೂ ತಮ್ಮಿಂದ ಆಗದು ಎಂದಾದರೆ, ಈ ಪತ್ರವನ್ನು ಅಣ್ಣ ಓದುವ ಹೊತ್ತಿನಲ್ಲಿ ಅವನಿಗೆ ಒಂದಿಷ್ಟು ಸಹನೆ ಒದಗಲೆಂದು ಹಾರೈಸುವುದನ್ನಾದರೂ ಮಾಡಬೇಕು. ಸಹನೆಯ ವಿಷಯದಲ್ಲಿ ತಮಗೆ ಅನುಭವವಿದೆ.

ಅಂಚಿನವರೆಗೆ ತುಂಬಿಸುವ ಅಭ್ಯಾಸವನ್ನು ಬಿಟ್ಟು, ಆದರೂ ಪತ್ರವನ್ನು ಮಾತ್ರ ಅಂಚಿನವರೆಗೆ ತುಂಬಿಸಿರುವ,

ತಮ್ಮ ವಿಶ್ವಾಸಿ,
ಸೋರಿಕೆ ಪತ್ತೆ ವಿಭಾಗದ ನಿವೃತ್ತ ಇನ್ಸ್‌ಪೆಕ್ಟರ್, ಮತ್ತು ಒಬ್ಬ ಟೈಲರನ ತಮ್ಮ

ಮರೆತ ಮಾತು: ಈ ಪತ್ರ ಅಚ್ಚಿಗೆ ಹೋಗುವ ಮೊದಲು ಹಿಂದಕ್ಕೆ ಬಂತು. ನಮ್ಮ ಸಂಪಾದಕರು ಹಲ್ಲಿನ ಡಾಕ್ಟರು. ಅವರ ಬಿಳಿ ಕೋಟು ಹೊಲಿಗೆಗೆ ಬಿದ್ದಿದ್ದರಿಂದ, ಪತ್ರವನ್ನು ಅಣ್ಣನಿಗೆ ಅಂಗಡಿಯಲ್ಲೇ ಓದಿ ಹೇಳಿದರಂತೆ, ತಮಗಿಂತ ಮೊದಲೇ. ಕೊನೆಯ ಹಾಳೆಯ ಹಿಂಬದಿಯಲ್ಲಿ ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಉತ್ತರ ಬರೆದಿದ್ದಾನೆ. ಅಕ್ಷರಗಳು ಬೆರಳಗಲ ಇವೆ, ಸಾಲು ಓರೆಯಾಗಿ ಹಾಳೆಯ ಆಚೆಗೇ ಹೋಗಿದೆ. "ಇಂಜಿನ್ನಿಗೆ ಇಷ್ಟುದ್ದ ಯಾಕೋ? ನಂಗೆ ಬರೆದಿದ್ರೆ ಒಂದು ಸಾಲು ಸಾಕಾಗ್ತಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಬರ್ತೀನಿ. ನಾನು ಬರೋವರೆಗೂ ನೀನು ನೀರಿನ ಹತ್ತಿರ ಹೋಗ್ಬೇಡ." ಸಂಪಾದಕರು ಪತ್ರ ಇನ್ನು ಅಚ್ಚಾಗುವುದು ಬೇಕೇ ಎಂದು ಕೇಳಿದರು, ಬೇಕೇ ಬೇಕು ಎಂದೆ, ಆ ಲೇಖನ ಬಂದ ಪುಟದಲ್ಲೇ ಬರಲಿ ಎಂದೆ. ಭಾನುವಾರ ದೀಪಸ್ತಂಭದ ದಾರಿಯಲ್ಲಿ ಅಣ್ಣ ಸ್ಟೇರಿಂಗ್ ಹಿಡಿದಿರುತ್ತಾನೆ, ನಾನು ಪಕ್ಕದಲ್ಲಿ ಕುಳಿತು ರಸ್ತೆ ಹೇಳುತ್ತಿರುತ್ತೇನೆ. ತಾವು ಐದು ತಿಂಗಳಿಂದ ಅದುಮಿಟ್ಟುಕೊಂಡಿದ್ದನ್ನೆಲ್ಲ ನಡುದಾರಿಯಲ್ಲಿ ಕುದಿದು ತೀರಿಸಿಕೊಳ್ಳುವುದಿದ್ದರೆ ಧಾರಾಳವಾಗಿ ಕುದಿಯಿರಿ. ಈ ಸಲ ತಪ್ಪು ಯಾರದೆಂದು ನಾನು ಹುಡುಕಲು ಹೋಗುವುದಿಲ್ಲ, ಅಣ್ಣ ಹೇಗೂ ಹೇಳುತ್ತಾನೆ.